ತಗಡಿನ ಅಂಕಿಗಳು

ಜಿನ್ನು ಮೈದಾನಕ್ಕೆ ಮೊದಲು ಬೇಲಿಯೇ ಇರಲಿಲ್ಲ.
ಹತ್ತಿಯ ಬೇಲು ಬಿಗಿದು ಉಳಿದ ಕಬ್ಬಿಣದ ಪಟ್ಟಿ
ಹೆಣೆದು ನಿಲ್ಲಿಸಿದವರು ಹಮಾಲರು, ಒಂದು ಭಾನುವಾರ,
ಕೂಲಿಯಿಲ್ಲದೆ.
ತಿಪ್ಪಯ್ಯಶೆಟ್ಟಿ ಕೊಟ್ಟದ್ದು ಬರೇ ಜಾಗ. ಅದೂ
ಹತ್ತಿ ಹರವುವ ಕಾಲಕ್ಕೆ ವಾಪಸು ಬಿಡಬೇಕೆಂಬ ಕರಾರು.
ಹಾಗಾಗಿ ಆದವಾನಿಯಲ್ಲಿ ಕ್ರಿಕೆಟ್ಟಿನ ವರ್ಷ
ಯುಗಾದಿಗೆ ಹುಟ್ಟಿ, ನೆತ್ತಿ ಸುಟ್ಟುಕೊಂಡು,
ದಸರೆಯ ಹೊತ್ತಿಗೆ ಮುಗಿಯುತ್ತಿತ್ತು.

ನಾಲ್ಕೇ ತಂಡ: ಜಿನ್ನು, ಎಣ್ಣೆಗಿರಣಿ, ರೈಲ್ವೆ, ಕೋರ್ಟಿನ ಗುಮಾಸ್ತರು.
ಗುಮಾಸ್ತರು ಸೋತರೆ ಸೋಮವಾರದ ವಾಯಿದೆಗಳೆಲ್ಲ ಮುಂದಕ್ಕೆ.
ನನಗೆ ಹತ್ತು ವರ್ಷ. ಏಣಿ ಹತ್ತಿ ಅಂಕಿ ತೂಗುಹಾಕುವ ಕೆಲಸ,
ಪಂದ್ಯಕ್ಕೆ ಎರಡಾಣೆ, ಒಂದು ಪೊಟ್ಟಣ ಉಗ್ಗಾಣಿ.
ತಗಡಿನ ಮೇಲೆ ಬರೆದವನು ಪೇಂಟರ್ ಮಾಬುಸಾಬ,
ಕನ್ನಡದಲ್ಲಿ, ನೀಲಿಯ ಮೇಲೆ ಬಿಳಿ.
ಅವನ ೯ಕ್ಕೆ ಸ್ವಲ್ಪ ಸೊಕ್ಕು.
೬ ಬಗ್ಗಿ ನೆಲದಲ್ಲಿ ಏನೋ ಹುಡುಕುವಂತಿತ್ತು.

ಉರುಕುಂದಿ ಬೇಲು ಹೊರುವವ, ಎಡಗೈ.
ಉಂಗುರದ ಬೆರಳನ್ನು ಯಂತ್ರ ತಿಂದಿತ್ತು. ಚೆಂಡು
ಎತ್ತ ತಿರುಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ.
ಗುಮಾಸ್ತರನ್ನು ಹತ್ತೊಂಬತ್ತಕ್ಕೆ ಮಡಚಿದ ಮಧ್ಯಾಹ್ನ
ಓಟದ ಕಡೆ ನನಗೆ ಕೆಲಸವೇ ಇಲ್ಲ,
ವಿಕೆಟ್ಟಿನ ಕಡೆ ಕೈ ಬಿಡುವಿಲ್ಲ.

ಐವತ್ಮೂರರಲ್ಲಿ ಬಳ್ಳಾರಿಯಿಂದ ಬೇರೆಯಾದೆವು.
ಮೈದಾನ ಇದ್ದಲ್ಲೇ ಇತ್ತು.
ಮರುವರ್ಷ ಬಂದ ಅಧಿಕಾರಿ ಬೋರ್ಡಿನತ್ತ ಕೊಡೆ ಚಾಚಿ
ಇವನ್ನು ತೆಲುಗು ಮಾಡಿಸಿ ಅಂದ.
ಮಾಬುಸಾಬ ತಗಡುಗಳನ್ನೆಲ್ಲ ಗೋಣಿಗೆ ತುಂಬಿ ಒಯ್ದ,
ಮೂರು ದಿನ ಕಾಣಲಿಲ್ಲ.
ನಾಲ್ಕನೆಯ ದಿನ ತಂದ: ಅವೇ ಅಂಕಿ,
ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೊಸ ನೀಲಿ ಬಳಿದು.
"ಇದು ತೆಲುಗಿನ ೧, ಇದು ತೆಲುಗಿನ ೨"
ಒಂದೊಂದೇ ಎತ್ತಿ ತೋರಿಸಿದ, ಮದುವೆ ಸೀರೆ ಬಿಚ್ಚಿದಂತೆ.
ಅಧಿಕಾರಿ ತಲೆದೂಗಿ ಹನ್ನೆರಡು ರೂಪಾಯಿ ಮಂಜೂರು ಮಾಡಿದ.
ನಾನು ಕಿಸಕ್ಕೆಂದದ್ದಕ್ಕೆ ಮಾಬುಸಾಬ ಕಿವಿ ಹಿಂಡಿದ:
"ಸುಳ್ಳೇನ್ ಹೇಳಿಲ್ಲಲೇ ನಾನು.
ಐದರ ಬಾಲ ಚೂರು ತಿದ್ದೀನಿ, ಕಣ್ಬಿಟ್ಟು ನೋಡು."

ಆಮೇಲೆ ಜಿನ್ನು ನಿಂತಿತು.
ಸಿಮೆಂಟಿನ ಮೆಟ್ಟಿಲು ಬಂದವು, ಬಾಗಿಲಿಗೆ ಯಾರದೋ ತಂದೆಯ ಹೆಸರು.
ಕರೆಂಟಿನ ಬೋರ್ಡು ಉದ್ಘಾಟನೆಯ ದಿನ
ಎಂಟು ಎಂಟು ಎಂಟು ಎಂದು ಬೆಳಗಿ ಆರಿಹೋಯಿತು.
ಯಾರು ಎಂಟುನೂರಾ ಎಂಬತ್ತೆಂಟು ಹೊಡೆದರೋ ದೇವರೇ ಬಲ್ಲ.
ಬೇಲಿಯ ಪಟ್ಟಿಗಳು ತೂಕಕ್ಕೆ ಹೋದವು.
ಈಗ ಅಲ್ಲಿ ಲಾರಿಗಳು ಮಲಗುತ್ತವೆ,
ಪಿಚ್ಚಿದ್ದ ಕಡೆ ಹುಲ್ಲು ಇನ್ನೂ ಹುಟ್ಟುವುದಿಲ್ಲ.

ಅಂಕಿಗಳನ್ನು ಹಂಚಿಕೊಂಡೆವು. ೭ ಯಾರದೋ ಆಡಿನ ಕೊಟ್ಟಿಗೆಯ ತೂತಿಗೆ,
೪ ಎಲ್ಲಿದೆಯೋ ತಿಳಿಯದು.
ನನ್ನ ಪಾಲಿಗೆ ಬಂದದ್ದು ಸೊನ್ನೆ. ನೀರಿನ ಗಡಿಗೆಗೆ ಸರಿಯಾಗಿ ಕೂತಿತು.
ಉರುಕುಂದಿ, ತೊಂಬತ್ತು ದಾಟಿದವ, ಕೋಲೂರಿ ಬರುತ್ತಾನೆ,
ಅದನ್ನೆತ್ತಿ ಚೊಂಬು ಅದ್ದುತ್ತಾನೆ, ಗಟಗಟ ಕುಡಿದು
ತಗಡನ್ನು ಕಣ್ಣ ಹತ್ತಿರ ಹಿಡಿಯುತ್ತಾನೆ:
"ಇನ್ನಾ ಶುರುನೇ ಆಗಿಲ್ಲೇನಲೇ?"

ತಿರುಗಿ ಮುಚ್ಚುವ ರೂಢಿ ಅವನಿಗಿಲ್ಲ.
ನಾನೇ ಏಳಬೇಕು.