ಹದಿನಾಲ್ಕನೆಯ ಕಾಲಂ

ಅನುದಾನ ಮುಗಿದು ಮೂರು ವರ್ಷಕ್ಕೆ
ಪರಿಣಾಮ ಅಳೆಯಲು ಬಂದೆ, ಬಾಯಾರಿಗೆ.
ಫಾರಂ ಇದೆ: ಪ್ರಬಂಧ ಎಷ್ಟು, ಉಲ್ಲೇಖ ಎಷ್ಟು,
ಫಲಾನುಭವಿಗಳು ಗಂಡೆಷ್ಟು, ಹೆಣ್ಣೆಷ್ಟು.

ಸುರಂಗದ ಬಾಯಲ್ಲಿ ನಾವು ನೆಟ್ಟ ಅಳತೆಪಟ್ಟಿ ಮುರಿದಿದೆ.
ಉಪಕರಣದ ಪೆಟ್ಟಿಗೆಯಲ್ಲಿ
ಕೋಳಿ ಕಾವಿಗೆ ಕೂತಿದೆ.
ಫೋಟೋ ತೆಗೆದೆ, ಲಗತ್ತಿಸಲಿಲ್ಲ.

ದಿನಕ್ಕೆ ಹತ್ತು ರೂಪಾಯಿಗೆ ನೀರಿನ ಮಟ್ಟ ಬರೆಯುತ್ತಿದ್ದ ಜಲಜಾಕ್ಷಿ
ಬೀಡಿಯ ಸೂಪು ಬದಿಗಿಟ್ಟು ಒಳಗೆ ಹೋದಳು.
ತಂದದ್ದು ನಮ್ಮ ಪುಸ್ತಕ; ಅದು ತುಂಬಿದ ಮೇಲೆ
ಬೀಡಿ ಬ್ರಾಂಚಿನ ಹಳೆ ಲೆಕ್ಕದ ಖಾಲಿ ಮಗ್ಗುಲು,
ಕ್ಯಾಲೆಂಡರಿನ ಬೆನ್ನು.

ಮೇ ನಾಲ್ಕು. ಎರಡು ಬೆರಳು.
ಮೇ ಐದು. ಎರಡಕ್ಕೆ ಕಮ್ಮಿ. ಬಾವಲಿ ಸತ್ತಿತ್ತು, ತೆಗೆದೆ.
ಮೇ ಹನ್ನೊಂದು. ಜ್ವರ, ನೋಡಲಿಲ್ಲ.
ಜೂನ್ ಏಳು. ಮೊಣಕಾಲು. ಒಂದು ಚಪ್ಪಲಿ ಹೋಯಿತು.

ಸಂಬಳ ನಿಂತ ಮೇಲೂ ಯಾಕೆ, ಎಂದೆ.
"ನಿಲ್ಲಿಸ್ಲಿಕ್ಕೆ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ."

ಕಾಲಂ ಹದಿನಾಲ್ಕು: ಯೋಜನೆಯ ನಂತರ ಉಳಿದದ್ದು.
ಅಂಕಿಯಲ್ಲಿ ಮಾತ್ರ.
ಒಂದು, ಎಂದು ಬರೆದೆ.

ರಾತ್ರಿ ಕಾಸರಗೋಡಿನ ಲಾಡ್ಜಿಗೆ ಫೋನು:
"ಒಂದು ಅಂದರೆ ಏನ್ರೀ, ಒಂದು?
ಬೆರಳನ್ನು ಸೆಂಟಿಮೀಟರಿಗೆ ಇಳಿಸಿ ಕಳಿಸಿ."

ಅವಳ ಬೆರಳಿನ ಅಗಲ
ಅಳೆದುಕೊಳ್ಳಲು ಮರೆತಿದ್ದೆ.