ಮೊಣಕಾಲು ಹೇಗಿದೆ

ಫೆರೋ ದ್ವೀಪಗಳ ಕ್ಲಾಕ್ಸ್‌ವೀಕ್ ಬಂದರಿನಲ್ಲಿ
ಮೀನು ಕಂಪನಿಯ ಲೆಕ್ಕ ಬರೆಯುವ ಮಾರ್ನಾ
ಮಧ್ಯಾಹ್ನದಿಂದ ಒಂದೇ ಮಾತು ಹೇಳುತ್ತಿದ್ದಾಳೆ:
ನಾನು ಸರಿಯಾಗಿಯೇ ನೋಡಿದ್ದೆ.

ನೋಡಿದ್ದು ನಿಜ.
ಬಲೆ ಮಾರುವ ಪೋಲೆಂಡಿನವರ ವಿಳಾಸದಲ್ಲಿ
ಎಂ ಇರಬೇಕಾದ ಕಡೆ
ಆರ್ ಮತ್ತು ಎನ್ ಮೈಗೆ ಮೈ ತಾಗಿಸಿ
ಎಂ ಆಗಿ ನಿಂತಿದ್ದವು.
ನಮ್ಮಲ್ಲಿ ಹೊಟ್ಟೆ ಸೀಳಿದ ಅಕ್ಷರಕ್ಕೂ ಸೀಳದ್ದಕ್ಕೂ
ಒಂದು ಗೀಟಿನಷ್ಟಾದರೂ ದೂರ;
ಅಲ್ಲಿ ಅಷ್ಟೂ ಇಲ್ಲ.

ಕಡಲಡಿಯ ಸುರಂಗ ದಾಟಿ ಬಂದ ಹೆರ್ಬೊರ್ಗ್
ಒದ್ದೆ ಕೋಟು ಕಳಚಲೂ ಇಲ್ಲ.
ಮೊದಲು ಬ್ಯಾಂಕಿಗೆ ಫೋನು,
ಪತ್ರದಲ್ಲಿದ್ದ ನಂಬರಿಗಲ್ಲ,
ಗೋಡೆಯ ಹಳೇ ಕ್ಯಾಲೆಂಡರಿನಲ್ಲಿ ಅಚ್ಚಾದ ನಂಬರಿಗೆ.
ಆಮೇಲೆ ಕುರ್ಚಿ ಎಳೆದು ಕೂತು ಕೇಳಿದ್ದು
ಯಾಕೆ ಕಳಿಸಿದೆ ಅಂತಲ್ಲ,
ಆಗ ಎಷ್ಟು ಗಂಟೆ?

ಬೈಸಿಕೊಂಡವರು ಬಾಯಿ ಬಿಡುವುದಿಲ್ಲ;
ಲಾಗಿನ ಸಾವಿರ ಸಾಲು ಹೇಳದ್ದನ್ನು
ಹೆದರದ ಒಬ್ಬರು ಹೇಳಿಬಿಡುತ್ತಾರೆ.
ಇಪ್ಪತ್ತು ವರ್ಷದ ಕಸುಬಿನಲ್ಲಿ ಅವಳು ಕಲಿತದ್ದು.

ಇ-ಮೇಲ್ ಸೆಟ್ಟಿಂಗಿನ ಮೂಲೆಯಲ್ಲಿ ಸಿಕ್ಕಿತು
ಮಾರ್ನಾ ಬರೆಯದ ಒಂದು ನಿಯಮ:
ಬಂದದ್ದು ಹೋದದ್ದು ಎಲ್ಲದಕ್ಕೂ
ಒಂದು ನಕಲು, ಗೊತ್ತಿಲ್ಲದ ಊರಿಗೆ.
ನಲವತ್ತೊಂದು ದಿನ
ಯಾರೋ ಅವಳ ಬೆನ್ನ ಹಿಂದೆ ಕೂತು ಓದುತ್ತಿದ್ದರು:
ಬಲೆಯ ರೇಟು, ಹಡಗಿನ ತಾರೀಕು,
ತಂಗಿಯೊಡನೆ ಜಗಳ,
ಮೆಟ್ಟಿಲಲ್ಲಿ ಜಾರಿ ಉಳುಕಿದ ಮೊಣಕಾಲು.

ಮೋಸದ ಪತ್ರ ಶುರುವಾಗುವುದೇ ಹೀಗೆ:
"ಪ್ರಿಯ ಮಾರ್ನಾ, ಮೊಣಕಾಲು ಈಗ ಹೇಗಿದೆ?
ಹೊಸ ಖಾತೆಯ ವಿವರ ಕೆಳಗಿದೆ."

ಸಂಜೆಗೆ ಮುಕ್ಕಾಲು ಹಣ ದಾರಿಯಲ್ಲೇ ತಡೆದು ನಿಂತಿತು.
ಉಳಿದದ್ದು, ಹೊಳೆಯಲ್ಲಿ ತೊಳೆದ ಹುಣಸೆಹಣ್ಣು.
ಹೆರ್ಬೊರ್ಗ್ ನಿಯಮದ ಚಿತ್ರ ತೆಗೆದಳು, ಆಮೇಲೆ ಅಳಿಸಿದಳು.
ಮಾರ್ನಾ ಹೊಸ ಪಾಸ್‌ವರ್ಡು ಒತ್ತುವಾಗ
ಮುಖ ಆಚೆ ತಿರುಗಿಸಿದಳು,
ಬಟ್ಟೆ ಬದಲಿಸುವವರ ಎದುರು ತಿರುಗಿಸುವ ಹಾಗೆ.

ಕಿಟಕಿಯಾಚೆ ಪೆಟ್ಟಿಗೆಗಳಿಗೆ ಐಸು ಸುರಿಯುವ ಸದ್ದು.
ಪಕ್ಕದ ಕೋಣೆಯವರು ಒಬ್ಬೊಬ್ಬರಾಗಿ ಇಣುಕಿ
ಎಷ್ಟು ಹೋಯಿತು ಎಂದು ಕೇಳಿ ಹೋದರು.

ಮಾರ್ನಾ ಎದ್ದಳು, ಮೇಜು ಹಿಡಿದು, ಬಲಗಾಲು ಎಳೆಯುತ್ತ.
"ಆ ಪತ್ರ ಅಳಿಸಿಬಿಡಲೇ?"
"ಬೇಡ," ಎಂದಳು ಹೆರ್ಬೊರ್ಗ್, "ಅದು ಸಾಕ್ಷಿ."

ಪರದೆಯ ಮೇಲೆ ಹಾಗೇ ಉಳಿಯಿತು
ಆ ವಾರವಿಡೀ ಅವಳ ಕಾಲನ್ನು ವಿಚಾರಿಸಿದ
ಒಂದೇ ಒಂದು ಸಾಲು.