ಕಾರಣದ ಕಾಲಂ

ರಿಜಿಸ್ಟರಿನೊಳಗ ಸತ್ತವರ ಹೆಸರಿಗೆ ಜಾಗ ಬಾಳ ಅದ,
ತಂದಿ ಹೆಸರಿಗೆ, ಊರಿಗೆ, ವಯಸ್ಸಿಗೆ.
ಕಾರಣಕ್ಕ ಮಾತ್ರ ಎರಡು ಬೆರಳಿನಗಲ.
ಹನ್ನೊಂದು ವರ್ಷ ಆತು
ನಾನು ಈ ಎರಡು ಬೆರಳು ತುಂಬಲಿಕ್ಕತ್ತಿ.

ಹುಸನಪ್ಪ, ನಲವತ್ತಾರು, ಫರಸಿ ಖಣಿ.
"ಏನಾಗಿತ್ತು?" ಅಂತ ಕೇಳಿದೆ.
"ಗ್ಯಾಸ್ ಆಗಿತ್ರಿ ಮೇಡಂ," ಅಂದ ತಮ್ಮ.
ನಸುಕಿನ್ಯಾಗ ಎದಿ ಹಿಂಡ್ತು, ಎಡಗೈ ಜಡ ಆತು,
ಸೋಡಾ ಕುಡಿಸಿದ್ರು, ಅಜವಾನ ತಿನಿಸಿದ್ರು,
ಬೆನ್ನು ತಿಕ್ಕಿದ್ರು.
ಬೆಳಕು ಹರದ ಮ್ಯಾಲ ಟಂಟಂ ಸಿಕ್ತು.
ವಾಡಿ ಹತ್ರ ರೈಲ್ವೆ ಗೇಟು ಬಿದ್ದಿತ್ತು.
ಸಿಮೆಂಟಿನ ಗೂಡ್ಸು, ಐವತ್ತೆಂಟು ಡಬ್ಬಿ,
ತಮ್ಮ ಎಣಿಸ್ಯಾನ.
ಎಣಿಸಲಾರದ ಮತ್ತೇನು ಮಾಡಬೇಕಿತ್ತು, ಹೇಳ್ರಿ.
ಗ್ಯಾಸ್ ಅಂತ ಬರಕೊಂಡೆ.

ಖಣಿ ಮಾಲಕಗೂ ಅದೇ ತಿಂಗಳ ಎದಿ ಹಿಡದಿತ್ತು.
ಕಾರು ಬಾಗಿಲ ಮುಂದೇ ಇತ್ತು.
ಕಲಬುರಗಿ ಮುಟ್ಟಲಿಕ್ಕ ಐವತ್ತು ನಿಮಿಷ,
ಮಣಿಕಟ್ಟಿನಿಂದ ತಂತಿ ಹಾಕಿ
ಸಣ್ಣದೊಂದು ಸ್ಪ್ರಿಂಗ್ ಇಟ್ಟು ಕಳಿಸ್ಯಾರ.
ಮೊನ್ನೆ ಪಹಣಿ ಕೆಲಸಕ್ಕ ಬಂದಿದ್ದ,
ಚಹಾಕ್ಕ ಸಕ್ಕರಿ ಬ್ಯಾಡ ಅಂದ, ನಡಕೊಂತ ಬಂದೆ ಅಂದ.
ಅವನು ಬದುಕಿದ್ದು ತಪ್ಪಲ್ಲ.
ಎರಡೂ ಎದಿ ಒಂದೇ ನಮೂನಿ ಹಿಡದಿದ್ದವು,
ಅದು ನನಗ ಹತ್ತಿ ಕೂತದ.

ದೌಲಬಿ, ಐವತ್ತೊಂದು. ಬಾಯಿ ಒಂದು ಕಡೆ ಎಳೀತು,
ರೊಟ್ಟಿ ಬಡಿಯೋ ಕೈ ಹಿಟ್ಟಿನ್ಯಾಗೇ ಉಳೀತು.
ಲಕ್ವಾ ಹೊಡದದ ಅಂದ್ರು, ಗಾಳಿ ಅಂದ್ರು,
ಪಾರಿವಾಳದ ರಕ್ತ ಹಚ್ಚಿಸಲಿಕ್ಕ ಎಪ್ಪತ್ತು ಕಿಲೋಮೀಟರ್ ಒಯ್ದರು.
ದವಾಖಾನಿ ದಾಟೇ ಹೋಗಬೇಕು ಆ ಊರಿಗೆ.
ಬಿಪಿ ಗುಳಗಿ ಇದ್ದವು ಮನಿಯಾಗ.
ದಿನಕ್ಕೊಂದು, ನಡುವ ಮುರದು
ಅರ್ಧ ಆಕಿ, ಅರ್ಧ ಗಂಡ.
"ಇಬ್ಬರಿಗೂ ಒಂದೇ ಬ್ಯಾನಿ ಅಲ್ರಿ," ಅಂತಾನ ಮಶಾಕಸಾಬ,
"ಒಂದರಾಗ ಆಗ್ತದ ಅನ್ಕೊಂಡ್ವಿ."
ಎಷ್ಟು ಪ್ರೀತಿ ಅದ ಈ ಲೆಕ್ಕದಾಗ.
ನಾನು ಬರದೆ: ಲಕ್ವಾ.

ತರಬೇತಿಗೆ ಕರದಿದ್ರು ಕಲಬುರಗಿಗೆ.
ಗ್ವಾಡಿ ಮ್ಯಾಲ ಒಂದು ಗೆರಿ ಬಿಟ್ರು,
ಎಡಕ್ಕ ಎತ್ತರ, ಬಲಕ್ಕ ಬರ್ತಾ ಬರ್ತಾ ಇಳಿಜಾರು.
"ತಡೆಯಬಹುದಾದ ಸಾವುಗಳು ಇಳಿಯುತ್ತಿವೆ," ಅಂದ್ರು ಸಾಹೇಬರು.
ಚಪ್ಪಾಳಿ ಹೊಡದ್ರು, ನಾನೂ ಹೊಡದೆ.
ಎಸಿ ತಂಪು ಇತ್ತು, ಊಟಕ್ಕ ಹೋಳಿಗಿ ಇತ್ತು.
ಆ ಗೆರಿ ಸರಾಸರಿ ಅಂತ.
ಸರಾಸರಿ ಅಂದ್ರ
ಮಾಲಕನ ಎದಿ, ಹುಸನಪ್ಪನ ಎದಿ
ಒಂದೇ ತಕ್ಕಡ್ಯಾಗ ಹಾಕಿ ಎರಡರಿಂದ ಭಾಗಿಸೋದು:
ಇಬ್ಬರೂ ಅರ್ಧರ್ಧ ಬದುಕ್ಯಾರ.

ವಾಪಸ್ ಬಂದು ನನ್ನ ಗೆರಿ ನಾನೇ ಹಾಕಿ ನೋಡಿದೆ,
ರಿಜಿಸ್ಟರಿನ ಕಡೀ ಖಾಲಿ ಹಾಳಿ ಮ್ಯಾಲ, ಪೆನ್ಸಿಲಿಲೆ.
ಮೊದಲಿನ ಪುಸ್ತಕದಾಗ ಎದಿ ಹಿಡದು ಹೋದವರು ಅರವತ್ತು ದಾಟಿದವರು.
ಈಗಿಂದರಾಗ ನಲವತ್ತು.
ಗೆರಿ ಮ್ಯಾಲ ಹೊಂಟು ಹಾಳಿ ಅಂಚಿಗೆ ಮುಟ್ಟಿತು.
ಹೆಂಗಸರದು ಬ್ಯಾರೆ ಹಾಕಬೇಕಂದೆ, ಆಗಲಿಲ್ಲ.
ಅವರ ಮುಂದ ಬಾಳ ಕಡೆ "ಸುಸ್ತು" ಅಂತ ಅದ.
ನನ್ನದೇ ಅಕ್ಷರ.

ಆಶಾ ಸಾಬಮ್ಮ ಮಷಿನ್ ಹಿಡಕೊಂಡು ನಿನ್ನೆ ಆಫೀಸಿಗೇ ಬಂದಳು.
"ಊರೆಲ್ಲ ನೋಡಿ ಬಂದೆ ಮೇಡಂ, ನಿಮ್ಮದೊಂದು ಉಳದದ."
ಪಟ್ಟಿ ಬಿಗೀತು. ಬಿಟ್ಟಿತು.
ಆಕಿ ಮಾತಾಡಲಿಲ್ಲ, ಇನ್ನೊಮ್ಮೆ ಕಟ್ಟಿದಳು.
ನೂರಾ ಎಪ್ಪತ್ನಾಲ್ಕು, ನೂರಾ ಎಂಟು.
"ತಲಿ ನೋಯ್ತಿರಲಿಲ್ಲೇನ್ರಿ?"
ನೋಯ್ತಿತ್ತು. ಬಿಸಲು ಅನ್ಕೊಂಡಿದ್ದೆ.

ಗುಳಗಿ ಮುಂದಿನ ವಾರ ಬರ್ತಾವಂತ, ಸ್ಟಾಕ್ ಇಲ್ಲ.
ನನ್ನ ಹತ್ರ ರೊಕ್ಕ ಅದ, ಸ್ಕೂಟಿ ಅದ.
ಸಂಜಿಕೇ ಡಾಕ್ಟರ್ ಕಡಿಂದ ಚೀಟಿ ಬರಸಿಕೊಂಡು
ಶಹಾಬಾದಕ್ಕ ಹೋಗಿ ತಂದೆ.
ಒಂದು ಗುಳಗಿ, ಇಡೀದು, ನುಂಗಿದೆ.
ಗಂಟಲು ದಾಟುವಾಗ ಅದರ ತೂಕ ಗೊತ್ತಾತು.

ಇವತ್ತು ಹುಸನಪ್ಪನ ಹಾಳಿ ತೆಗದೆ.
ತಿದ್ದಲಿಕ್ಕ ನನಗ ಅಧಿಕಾರ ಇಲ್ಲ.
ಗ್ಯಾಸ್ ಅನ್ನೋದರ ಬಾಜೂಕ, ಉಳದಷ್ಟು ಜಾಗದಾಗ
ಪೆನ್ಸಿಲಿಲೆ ಸಣ್ಣಗ ಬರದೆ:
ಟಂಟಂ. ಗೇಟು. ಐವತ್ತೆಂಟು ಡಬ್ಬಿ.